ಪುಕ್ಕಟೆಗೆ ಮೂರು ದರಪಟ್ಟಿ

ಸರ್ಕಾರಿ ಕಚೇರಿಗಳೆಲ್ಲ ಇನ್ನು ಮುಂದೆ ಮುಕ್ತ ತಂತ್ರಾಂಶವನ್ನೇ ಬಳಸತಕ್ಕದ್ದು ಎಂಬ ಸುತ್ತೋಲೆ ಶಿಡ್ಲಘಟ್ಟ ತಲುಪುವ ಹೊತ್ತಿಗೆ, ಅಲ್ಲಿನ ರೇಷ್ಮೆ ಉಪ ಉತ್ಪನ್ನ ಮಂಡಳಿಯ ಶಾಖಾ ಕಚೇರಿ ಎರಡು ವರ್ಷಗಳಿಂದ ಅದನ್ನೇ ಬಳಸುತ್ತಿತ್ತು. ಈ ಸಂಗತಿ ಒಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮಂಡಳಿಯ ಕೆಲಸವನ್ನು ಮೊದಲು ಹೇಳಬೇಕು. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಸತ್ತ ಹುಳು ಉಳಿಯುತ್ತದೆ. ಅದಕ್ಕೆ ಪ್ಯೂಪಾ ಎಂದು ಹೆಸರು. ಹೆಸರಿಗಿಂತ ಮೊದಲು ವಾಸನೆ ಬರುತ್ತದೆ. ಅದರಿಂದ ಎಣ್ಣೆ ತೆಗೆಯುವವರಿದ್ದಾರೆ, ಮೀನಿಗೆ, ಕೋಳಿಗೆ ಮೇವು ಮಾಡುವವರಿದ್ದಾರೆ. ನೂಲು ಬಾರದ ತೂತು ಗೂಡುಗಳನ್ನು ಕತ್ತರಿಸಿ, ಬಣ್ಣ ಹಾಕಿ ಹಾರ ಕಟ್ಟುವ ಹೆಂಗಸರಿದ್ದಾರೆ. ಇವರಿಗೆಲ್ಲ ಪರವಾನಗಿ ಕೊಡುವುದು ಮತ್ತು ಕೊಡದಿರುವುದು ಮಂಡಳಿಯ ಕೆಲಸ. ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಕಚೇರಿ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನಲ್ಲಿ ಶಾಖೆಗಳು. ಶಿಡ್ಲಘಟ್ಟದ ಶಾಖೆ ನೂಲು ಬಿಚ್ಚುವ ಘಟಕವೊಂದರ ಮೇಲಿನ ಮಹಡಿಯಲ್ಲಿದ್ದುದರಿಂದ ಅಲ್ಲಿಯ ಕಡತಗಳಿಗೂ ಅದೇ ವಾಸನೆ. ಜಿಲ್ಲಾ ಕಚೇರಿಯಲ್ಲಿ ಲಕೋಟೆ ಒಡೆಯುವ ಮುಂಚೆಯೇ ಇದು ಶಿಡ್ಲಘಟ್ಟದ್ದು ಎಂದು ಹೇಳಿ ಪಕ್ಕಕ್ಕಿಡುತ್ತಿದ್ದರು.

ಗೊತ್ತಿದ್ದ ಆ ಒಬ್ಬಳು ಅಪೇಕ್ಷಾ, ಶಾಖೆಯ ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರ್. ಅವಳು ಸೇರಿದಾಗ ಅಲ್ಲಿದ್ದದ್ದು ದೊಡ್ಡ ಕಂಪನಿಯೊಂದರ ತಂತ್ರಾಂಶದ ಕಳ್ಳ ಪ್ರತಿ. ಯಾರೋ ಅಂಗಡಿಯವನು ಯಾವಾಗಲೋ ಹಾಕಿ ಹೋಗಿದ್ದ. ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಪರದೆ ಕಪ್ಪಗಾಗಿ, ನೀವು ಬಳಸುತ್ತಿರುವುದು ಅಸಲಿ ಪ್ರತಿಯಲ್ಲ ಎಂಬ ಎಚ್ಚರಿಕೆ ಕೆಳಗಿನ ಮೂಲೆಯಲ್ಲಿ ಮೂಡುತ್ತಿತ್ತು. ಅಧೀಕ್ಷಕ ದಕ್ಷಿಣಾಮೂರ್ತಿಯವರು ಆ ಮೂಲೆಯ ಮೇಲೆ ವೆಂಕಟರಮಣ ಸ್ವಾಮಿಯ ಸ್ಟಿಕರ್ ಅಂಟಿಸಿ ಸಮಸ್ಯೆಯನ್ನು ಬಗೆಹರಿಸಿದ್ದರು. ಪೆನ್‌ಡ್ರೈವ್ ಚುಚ್ಚಿದವರೆಲ್ಲ ಒಂದೊಂದು ವೈರಸ್ ಬಿಟ್ಟು ಹೋಗುತ್ತಿದ್ದರು. ಒಂದು ದಸರಾ ರಜೆಯಲ್ಲಿ ಅಪೇಕ್ಷಾ ಕಚೇರಿಯ ಬೀಗದ ಕೈ ಇಸಿದುಕೊಂಡು ಬಂದು, ಎಲ್ಲವನ್ನೂ ಅಳಿಸಿ, ಮುಕ್ತ ತಂತ್ರಾಂಶ ಹಾಕಿದಳು. ಬರೆದವರೇ ಬೀಗ ಹಾಕದೆ, ಬೆಲೆ ಕಟ್ಟದೆ ಊರಿಗೆ ಬಿಟ್ಟುಕೊಟ್ಟದ್ದು ಅದು; ಬೇಕಾದವರು ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಕಚೇರಿಯವರು ಗಾಬರಿ ಬೀಳಬಾರದೆಂದು ಹಳೆಯ ಹಸಿರು ಗುಡ್ಡದ ಚಿತ್ರವನ್ನೇ ಹಿನ್ನೆಲೆಗೆ ಹಾಕಿದಳು, ಐಕಾನುಗಳನ್ನು ಇದ್ದ ಜಾಗದಲ್ಲೇ ಕೂರಿಸಿದಳು. ಏನಿದು ಎಂದವರಿಗೆ ಅಪ್‌ಡೇಟ್ ಎಂದಳು. ಅಪ್‌ಡೇಟ್ ಎಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ.

ಎರಡು ವರ್ಷದಲ್ಲಿ ಬಂದ ದೂರು ಒಂದೇ. ದಕ್ಷಿಣಾಮೂರ್ತಿಯವರು ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಇಸ್ಪೀಟಾಡುತ್ತಿದ್ದರು. ಎಲೆಗಳ ಬೆನ್ನು ನೀಲಿ ಇದ್ದದ್ದು ಕೆಂಪಾಗಿತ್ತು. ಇದರಿಂದ ಅವರಿಗೆ ಮೂರು ದಿನ ಊಟ ಅರಗಲಿಲ್ಲ. ಅಪೇಕ್ಷಾ ಎಲ್ಲೆಲ್ಲೋ ಹುಡುಕಿ ಅದೇ ನೀಲಿ ಬೆನ್ನನ್ನು ತಂದು ಹಾಕಿದಳು. ಆಮೇಲೆ ಶಾಖೆಯಲ್ಲಿ ಶಾಂತಿ ನೆಲೆಸಿತು.

ಮಂಡಳಿಯಲ್ಲಿ ಒಂದು ನಿಯಮವಿತ್ತು. ಹೊರಗುತ್ತಿಗೆಯವರು ನಡುವೆ ಎಲ್ಲೂ ಕಡಿತವಿಲ್ಲದೆ ಮೂರು ವರ್ಷ ದುಡಿದರೆ ಏಜೆನ್ಸಿಯ ಕೈ ತಪ್ಪಿ ಮಂಡಳಿಯ ಸ್ವಂತ ನೌಕರರ ಪಟ್ಟಿಗೆ ಬರುತ್ತಾರೆ. ಅಪೇಕ್ಷಾಳ ಮೂರು ವರ್ಷ ಬರುವ ಜೂನ್‌ಗೆ ತುಂಬುತ್ತಿತ್ತು. ಅದಕ್ಕೂ ಮುಂಚೆ, ಮಾರ್ಚ್ ಕೊನೆಗೆ, ಗುತ್ತಿಗೆ ಒಮ್ಮೆ ನವೀಕರಣವಾಗಬೇಕು. ಆ ಒಂದು ನವೀಕರಣ ಸಿಕ್ಕಿಬಿಟ್ಟರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರುತ್ತದೆ. ಸದ್ಯಕ್ಕೆ ಅವಳ ಹೆಸರು ಇದ್ದದ್ದು ಬೇರೊಂದು ಹಾಳೆಯಲ್ಲಿ, ಜನರೇಟರ್ ಬಾಡಿಗೆ ಮತ್ತು ಕುಡಿಯುವ ನೀರಿನ ಕ್ಯಾನುಗಳ ಕೆಳಗೆ. ಅವಳು ಕೂರುತ್ತಿದ್ದುದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಕಾಫಿ ತರಿಸುವಾಗ ಹೊರಗುತ್ತಿಗೆಯವರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇರಲಿಲ್ಲ. ಅವಳ ತಾಯಿ ಪಂಕಜ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಮಗಳ ಹೆಸರು ಪುಸ್ತಕಕ್ಕೆ ಬಂದ ದಿನ ಕೈವಾರಕ್ಕೆ ಹೋಗಿಬರುವುದಾಗಿ ಹರಕೆ ಹೊತ್ತಿದ್ದರು.

ಹಾಗಾಗಿ ಸುತ್ತೋಲೆ ಓದಿದಾಗ ಅಪೇಕ್ಷಾಳಿಗೆ, ಸರ್ಕಾರ ತನ್ನನ್ನೇ ಹುಡುಕಿಕೊಂಡು ಶಿಡ್ಲಘಟ್ಟದವರೆಗೆ ಬಂದಿದೆ ಅನ್ನಿಸಿತು. ಅವಳ ವಯಸ್ಸಿಗೆ ಇದು ಕ್ಷಮಿಸಬಹುದಾದ ತಪ್ಪು.

ಮುಂದಿನ ವಾರ ಚಿಕ್ಕಬಳ್ಳಾಪುರದಲ್ಲಿ ಪ್ರಗತಿ ಪರಿಶೀಲನಾ ಸಭೆ. ಲ್ಯಾಪ್‌ಟಾಪ್ ಹೊರಲು ಒಬ್ಬರು ಬೇಕೆಂದು ದಕ್ಷಿಣಾಮೂರ್ತಿ ಅವಳನ್ನೂ ಕರೆದೊಯ್ದರು. ಜಿಲ್ಲಾ ವ್ಯವಸ್ಥಾಪಕ ಮುರಳಿಮೋಹನ್ ಮುದ್ದೇನಹಳ್ಳಿ ಕಡೆಯವರು. ಯಾವತ್ತೂ ದನಿ ಎತ್ತದ, ಸಿಟ್ಟಾಗದ ಮನುಷ್ಯ. ಅವರ ಎದುರು ಗೌರಿಬಿದನೂರಿನವರು ಮೊದಲು ಎದ್ದುನಿಂತು ಶೇಕಡಾ ಐವತ್ತು ಪ್ರಗತಿ ಎಂದರು. ಹೇಗೆಂದರೆ, ಶಾಖೆಯ ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ಇನ್ನೂ ಪೆಟ್ಟಿಗೆಯಿಂದ ಹೊರಗೆ ತೆಗೆದಿಲ್ಲ. ತೆಗೆಯದ ಕಂಪ್ಯೂಟರಿನಲ್ಲಿ ಯಾವ ಕಂಪನಿಯ ತಂತ್ರಾಂಶವೂ ಓಡುತ್ತಿಲ್ಲ. ಚಿಂತಾಮಣಿಯವರು ಮುಕ್ತ ತಂತ್ರಾಂಶದ ಗುರುತಾದ ಪೆಂಗ್ವಿನ್ ಚಿತ್ರವನ್ನು ಬಣ್ಣದಲ್ಲಿ ಮುದ್ರಿಸಿ ಕಚೇರಿಯ ನಾಲ್ಕೂ ಗೋಡೆಗೆ ಅಂಟಿಸಿದ್ದರು. ಫೋಟೊ ನೋಡಿದ ಮುರಳಿಮೋಹನ್, ಬಾತುಕೋಳಿ ಸಾಕಣೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಯಾರೋ ವಿವರಿಸಿದರು. ಅವರು ಅದನ್ನೂ ಬರೆದುಕೊಂಡರು.

ಶಿಡ್ಲಘಟ್ಟದ ಸರದಿ ಬಂದಾಗ ದಕ್ಷಿಣಾಮೂರ್ತಿಯವರು ಕಾಲಾವಕಾಶ ಕೋರಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಅಪೇಕ್ಷಾ ಎದ್ದಳು.

“ನಮ್ಮಲ್ಲಿ ಆಗಿ ಎರಡು ವರ್ಷ ಆಯ್ತು ಸರ್. ಪೂರ್ತಿ.”

ದಕ್ಷಿಣಾಮೂರ್ತಿ ತಿರುಗಿ ಅವಳನ್ನು ನೋಡಿದ ರೀತಿ, ತಮ್ಮ ಮನೆಯ ನೆಲದಡಿ ಯಾರೋ ಎರಡು ವರ್ಷದಿಂದ ಸಂಸಾರ ಹೂಡಿದ್ದಾರೆಂದು ಈಗ ಗೊತ್ತಾದವರ ಹಾಗಿತ್ತು.

“ಯಾರ ಹತ್ರ ಕೊಂಡ್ರಮ್ಮ?” ಮುರಳಿಮೋಹನ್ ಕೇಳಿದರು.

“ಕೊಂಡಿಲ್ಲ ಸರ್. ಪುಕ್ಕಟೆ ಸಿಗುತ್ತೆ. ನಾನೇ ಇಳಿಸ್ಕೊಂಡು ಹಾಕ್ದೆ.”

“ಪುಕ್ಕಟೆ ಅಂತ ಕಡತದಲ್ಲಿ ಬರೆಯೋಕೆ ಬರಲ್ಲ. ಯಾರು ಕೊಟ್ರು? ಯಾಕೆ ಕೊಟ್ರು? ನಮ್ಮಿಂದ ಅವ್ರಿಗೆ ಏನಾಗ್ಬೇಕು?”

ಅಪೇಕ್ಷಾ ವಿವರಿಸಲು ನೋಡಿದಳು. ಜಗತ್ತಿನ ಬೇರೆ ಬೇರೆ ಕಡೆ ಕೂತು ಗುರುತು ಪರಿಚಯವಿಲ್ಲದವರು ಬರೆಯುತ್ತಾರೆ, ಅವರಿಗೆ ನಮ್ಮಿಂದ ಏನೂ ಬೇಕಿಲ್ಲ ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ಇದು ಸ್ವಲ್ಪ ಅನುಮಾನಾಸ್ಪದವಾಗಿ ಕೇಳಿಸತೊಡಗಿತು. ಮಂಡಳಿಯ ಇತಿಹಾಸದಲ್ಲಿ ಯಾರೂ ಏನನ್ನೂ ಸುಮ್ಮನೆ ಕೊಟ್ಟ ದಾಖಲೆ ಇರಲಿಲ್ಲ; ಕೆಳಗಿನ ಘಟಕದವರು ಕೊಡುತ್ತಿದ್ದ ವಾಸನೆಯೊಂದನ್ನು ಬಿಟ್ಟರೆ.

ಮುರಳಿಮೋಹನ್ ತೊಡಕುಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಬದಲಾವಣೆಗೆಂದು ಸರ್ಕಾರ ಅನುದಾನ ಕೊಟ್ಟಿದೆ. ಅದನ್ನು ಮಾರ್ಚ್ ಒಳಗೆ ಖರ್ಚು ಮಾಡದಿದ್ದರೆ ಮುಂದಿನ ವರ್ಷ ಕೊಡುವುದಿಲ್ಲ. ಖರ್ಚು ಮಾಡಲು ಕೊಳ್ಳಬೇಕು. ಕೊಳ್ಳಲು ಮೂರು ದರಪಟ್ಟಿ ಬೇಕು; ಸೂಜಿ ಕೊಂಡರೂ ಮೂರು ಪಾರ್ಟಿಗಳ ದರಪಟ್ಟಿ ತರಿಸಿ, ಹೋಲಿಸಿ, ಕಡಿಮೆ ಹೇಳಿದವರಿಂದ ಕೊಳ್ಳುವುದು ಮಂಡಳಿಯ ಕ್ರಮ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಗತಿ ಎಂದರೆ ಸೊನ್ನೆಯಿಂದ ಮೇಲಕ್ಕೆ ಹೋಗಬೇಕು. ಶುರುವಿನಲ್ಲೇ ನೂರರಲ್ಲಿ ಕೂತಿರುವ ಶಾಖೆಯಿಂದ ಏನು ಪ್ರಗತಿ ತೋರಿಸುವುದು?

ಕೊನೆಗೆ ಅವರೇ ದಾರಿ ಹುಡುಕಿದರು. ಶಿಡ್ಲಘಟ್ಟ ಮೊದಲಿದ್ದ ಸ್ಥಿತಿಗೆ ಮರಳಬೇಕು, ಆಮೇಲೆ ಕ್ರಮಬದ್ಧವಾಗಿ ಬದಲಾಗಬೇಕು. ಮೊದಲಿದ್ದದ್ದು ಕಳ್ಳ ಪ್ರತಿಯಲ್ಲವೇ ಎಂದು ಚಿಂತಾಮಣಿಯವರು ನೆನಪಿಸಿದರು, ತಮ್ಮದೂ ಅದೇ ಎಂಬುದನ್ನು ಮರೆತು. ಕಳ್ಳಮಾಲು ಬಿಟ್ಟು ಮುಕ್ತಿಯ ಕಡೆ ಹೊರಟೆವು ಎಂದು ಸರ್ಕಾರಕ್ಕೆ ಬರೆಯಲಾಗುವುದಿಲ್ಲ. ಆದ್ದರಿಂದ ನಾಲ್ಕೂ ಕಚೇರಿಗಳಿಗೆ ಮೊದಲು ದೊಡ್ಡ ಕಂಪನಿಯ ಅಸಲಿ ತಂತ್ರಾಂಶವನ್ನು ಪರವಾನಗಿ ಸಮೇತ ಕೊಳ್ಳುವುದು, ಅದನ್ನು ಸ್ಥಾಪಿಸಿ ಫೋಟೊ ತೆಗೆಯುವುದು, ನಂತರ ಅದನ್ನು ತ್ಯಜಿಸುವುದು ಎಂದು ನಿರ್ಣಯವಾಯಿತು. ಬೆಂಗಳೂರಿನ ಮಾರಾಟಗಾರ, ಬಿಡುವುದಕ್ಕೆಂದೇ ಕೊಳ್ಳುವ ಗಿರಾಕಿಯನ್ನು ಇದೇ ಮೊದಲು ನೋಡಿದ್ದೆಂದು ಮುಂದೆ ಒಂದು ಡಬ್ಬ ಸಿಹಿ ಕಳಿಸಿದ.

ವಾಪಸ್ ಬರುವ ಬಸ್ಸಿನಲ್ಲಿ ದಕ್ಷಿಣಾಮೂರ್ತಿ ಅಪೇಕ್ಷಾಳ ಪಕ್ಕ ಕೂತು ಕಡಲೆಕಾಯಿ ಪೊಟ್ಟಣ ಬಿಚ್ಚಿದರು. ಅವಳ ಕೈಗೂ ಒಂದಿಷ್ಟು ಹಾಕಿದರು. ನಂದಿ ಬೆಟ್ಟ ಹಿಂದೆ ಸರಿಯಿತು.

“ನಾನೇನು ತಪ್ಪು ಮಾಡ್ದೆ ಸರ್?” ಎಂದಳು ಕೊನೆಗೆ.

“ತಪ್ಪು ಅಂತ ಯಾರಂದ್ರು? ಕೆಲಸ ಮಾಡೋದು ತಪ್ಪಲ್ಲ ಕಣಮ್ಮ. ಆದೇಶ ಬರೋಕ್ ಮುಂಚೆ ಮಾಡ್ಬಿಟ್ಟೆ, ಅಷ್ಟೇ.” ಅವರು ಸಿಪ್ಪೆಯನ್ನು ಕಿಟಕಿಯಾಚೆ ಊದಿದರು. “ನಿನ್ನಿಂದ ಒಂದು ಹೇಳಿಕೆ ತಗೊಂಡು ಕಳಿಸು ಅಂದಿದಾರೆ. ಈ ಕಚೇರೀಲಿ ಇದುವರೆಗೆ ಯಾವ ಮುಕ್ತ ತಂತ್ರಾಂಶಾನೂ ಹಾಕಿರ್ಲಿಲ್ಲ ಅಂತ. ಸೈನ್ ಮಾಡ್ಬಿಡು. ಮಾರ್ಚಲ್ಲಿ ನಿನ್ ರಿನ್ಯೂವಲ್ ಕಡತ ನಾನೇ ಮಂಡಿಸ್ತೀನಿ.”

“ಹಾಕಿದ್ನಲ್ಲ ಸರ್.”

“ಹಾಕಿದ್ದೆ. ನಾನೂ ಅದರ ಮೇಲೇ ಕೆಲಸ ಮಾಡಿದೀನಿ ಅಂತ ಇವತ್ತು ಗೊತ್ತಾಯ್ತು. ನಾನೇನಾದ್ರೂ ಬೇಜಾರು ಮಾಡ್ಕೊಂಡ್ನಾ?”

ಬಸ್ಸಿಳಿಯುವ ಹೊತ್ತಿಗೆ ಅವಳು ಲೆಕ್ಕ ಹಾಕಿಯಾಗಿತ್ತು. ಒಂದು ಕಡೆ ನಡೆದುಹೋದ ಎರಡು ವರ್ಷ. ಇನ್ನೊಂದು ಕಡೆ ಜೂನ್ ತಿಂಗಳು. ಹಿಂದಿನ ಎರಡು ವರ್ಷವನ್ನು ಯಾರೂ ಕೇಳುವುದಿಲ್ಲ ಎಂದುಕೊಂಡು ಸಹಿ ಹಾಕಿದಳು.

ಶನಿವಾರ ಕಚೇರಿಗೆ ಬಂದು ತಾನು ಹಾಕಿದ್ದನ್ನು ತಾನೇ ಅಳಿಸಿದಳು. ಅಳಿಸುವ ಮೊದಲು ಕಂಪ್ಯೂಟರ್, ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿತು. ಇಡೀ ಪ್ರಕರಣದಲ್ಲಿ ಆ ಪ್ರಶ್ನೆ ಕೇಳಿದ್ದು ಅದೊಂದೇ. ಅಸಲಿ ತಂತ್ರಾಂಶ ಕೂತ ಮೇಲೆ ಹೊಸ ಪರದೆಯ ಎದುರು ದಕ್ಷಿಣಾಮೂರ್ತಿಯವರನ್ನು ನಿಲ್ಲಿಸಿ ಫೋಟೊ ತೆಗೆದಳು. ವೆಂಕಟರಮಣ ಸ್ವಾಮಿಯನ್ನು ಆ ಮೂಲೆಯಿಂದ ಕೆರೆಯಲಾಗಲಿಲ್ಲ. ಅವನೂ ಫೋಟೊದಲ್ಲಿ ಬಂದ.

ಇನ್ನು ಮೂರು ದರಪಟ್ಟಿ. ಅದಕ್ಕೆ ವೆಂಕಟರವಣಪ್ಪ ಬಂದರು. ಕುರ್ಚಿ, ಫಿನಾಯಿಲ್, ಶಾಮಿಯಾನ, ಫ್ಲೆಕ್ಸ್, ಸ್ವಾತಂತ್ರ್ಯ ದಿನದ ಲಡ್ಡು, ಮಂಡಳಿಗೆ ಏನು ಬೇಕಾದರೂ ಒದಗಿಸುತ್ತಿದ್ದವರು ಅವರೇ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮೂರು ರಬ್ಬರ್ ಸೀಲು, ಮೂರು ಲೆಟರ್‌ಹೆಡ್. ಒಂದು ಅವರದು, ಒಂದು ಭಾವಮೈದುನನದು, ಒಂದು ಹೆಂಡತಿಯದು. ಮಂಡಳಿಯ ವ್ಯವಹಾರವೆಲ್ಲ ಹಾಗೆಯೇ ನಡೆಯುತ್ತಿತ್ತು. ಕೆಲಸ ಹಿಡಿಯುವ ಪಾರ್ಟಿಯೇ ಉಳಿದೆರಡು ದರಪಟ್ಟಿಗಳನ್ನೂ ತರಬೇಕು. ಅವನ್ನು ಬೆಂಬಲದ ದರಪಟ್ಟಿ ಎನ್ನುತ್ತಿದ್ದರು. ಬೆಂಬಲದ್ದು ಸ್ವಲ್ಪ ಹೆಚ್ಚಿಗೆ ಇರಬೇಕು, ಅಷ್ಟೇ ನಿಯಮ. ಕಚೇರಿಗೆ ಅಲೆದಾಟ ತಪ್ಪುತ್ತದೆ, ಸ್ಪರ್ಧೆಯೂ ನಡೆದಂತಾಗುತ್ತದೆ.

ವೆಂಕಟರವಣಪ್ಪನವರು ಅಪೇಕ್ಷಾಳ ಸ್ಟೂಲಿನ ಪಕ್ಕ ಕುರ್ಚಿ ಎಳೆದುಕೊಂಡು, ಈ ಐಟಂ ಹೇಗಿರುತ್ತೆ, ಪೆಟ್ಟಿಗೆಯಲ್ಲಿ ಬರುತ್ತೋ ಚೀಲದಲ್ಲೋ, ಲಗೇಜ್ ಆಟೊ ಬೇಕಾಗುತ್ತೋ ಎಂದು ಕೇಳಿದರು. ಅದಕ್ಕೆ ರೂಪವಿಲ್ಲ, ತೂಕವಿಲ್ಲ, ಬೆಲೆಯೂ ಇಲ್ಲ ಎಂದಳು ಅಪೇಕ್ಷಾ. ಅವರು ಒಂದು ಕ್ಷಣ ಕಣ್ಣು ಮುಚ್ಚಿದರು.

“ದೇವರ ಥರ ಅನ್ನಮ್ಮ ಹಂಗಾದ್ರೆ. ಅಂತೇ ಕದಾ, ಅಷ್ಟೇ ತಾನೆ?” ಎಂದರು. “ದೇವರಿಗೂ ರೇಟ್ ಹಾಕ್ದೋರು ನಾವು. ಇದಕ್ಕೆ ಹಾಕಲ್ವಾ?”

ಹಾಕಿದರು. ಸೊನ್ನೆಯ ಕೆಳಗೆ ಯಾರೂ ದರ ಕೂಗಲಾರರಾದ್ದರಿಂದ ಸೊನ್ನೆಗಿಂತ ಸಾಕಷ್ಟು ಮೇಲೆ ಹಾಕಿದರು. ಭಾವಮೈದುನ ಇನ್ನೂ ಮೇಲೆ, ಹೆಂಡತಿ ಎಲ್ಲರಿಗಿಂತ ಮೇಲೆ. ತುಲನಾತ್ಮಕ ಪಟ್ಟಿಯಲ್ಲಿ ವೆಂಕಟರವಣಪ್ಪನವರ ದರವೇ ಕಡಿಮೆ ಎಂದು ಕಂಡುಬಂತು.

ಆಮೇಲೆ ದಾಸ್ತಾನಿನ ಸಮಸ್ಯೆ. ಕಣ್ಣಿಗೆ ಕಾಣದ ವಸ್ತುವನ್ನು ದಾಸ್ತಾನು ಪುಸ್ತಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ ಎಂದರು ದಕ್ಷಿಣಾಮೂರ್ತಿ. ವೆಂಕಟರವಣಪ್ಪ ಮಾರನೆಯ ದಿನವೇ ನಾಲ್ಕು ಸಿಡಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಡಬ್ಬಿಗೆ ಅರಿಸಿನ ಕುಂಕುಮ ಇಟ್ಟು ತಂದುಕೊಟ್ಟರು. ನಾಲ್ಕೂ ಖಾಲಿ. ಮಂಡಳಿಯ ಯಾವ ಕಂಪ್ಯೂಟರಿಗೂ ಸಿಡಿ ಹಾಕುವ ಬಾಯಿಯೇ ಇಲ್ಲದ್ದರಿಂದ ಇದು ಯಾರಿಗೂ ತೊಂದರೆ ಮಾಡಲಿಲ್ಲ. ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ ಎಂದು ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುಕ್ತ ತಂತ್ರಾಂಶಕ್ಕೆ ಬೀಗ ಬಿದ್ದದ್ದು ಹೀಗೆ.

ಹಾಕುವ ಕೆಲಸ ಉಳಿಯಿತು. ವೆಂಕಟರವಣಪ್ಪನವರ ಕಡೆಯ ಹುಡುಗರು ಶಾಮಿಯಾನ ಹಾಕಬಲ್ಲವರು. ಅಪೇಕ್ಷಾ ಹ್ಯಾಂಡ್‌ಬ್ಯಾಗಿನಿಂದ ಆ ಹಳೆಯ ಪೆನ್‌ಡ್ರೈವ್ ತೆಗೆದು, ಎರಡು ವರ್ಷದ ಹಿಂದೆ ಹಾಕಿದ್ದನ್ನೇ ವೆಂಕಟರವಣಪ್ಪನವರ ಹೆಸರಿನಲ್ಲಿ ಮತ್ತೆ ಹಾಕಿದಳು. ಹಸಿರು ಗುಡ್ಡ, ಐಕಾನುಗಳು, ಎಲ್ಲ ಇದ್ದಲ್ಲಿಗೇ ಬಂದವು. ಇಸ್ಪೀಟೆಲೆಯ ನೀಲಿ ಬೆನ್ನನ್ನು ಮಾತ್ರ ಹಾಕಲಿಲ್ಲ. ಮರೆತಳು ಎನ್ನುವಂತಿಲ್ಲ.

ಉದ್ಘಾಟನೆಗೆ ಮುರಳಿಮೋಹನ್ ಬಂದರು. ಗೂಡಿನ ಹಾರ ಕಟ್ಟುವ ಸಂಘದ ಶ್ಯಾಮಲಮ್ಮ ಕೆಂಚಾರ್ಲಹಳ್ಳಿಯಿಂದ ದೊಡ್ಡ ಹಾರಗಳನ್ನು ತಂದಿದ್ದರು. ಒಂದು ಮುರಳಿಮೋಹನ್‌ಗೆ, ಒಂದು ವೆಂಕಟರವಣಪ್ಪನವರಿಗೆ, ಒಂದು ಮಾನಿಟರಿಗೆ. ಮುರಳಿಮೋಹನ್ ಒಂದು ಗುಂಡಿ ಒತ್ತಿದರು. ಹಾರದ ನಡುವೆ ಹಸಿರು ಗುಡ್ಡ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿದೇಶಿ ಕಂಪನಿಗಳ ಸಂಕೋಲೆ ಕಳಚಿದ ಈ ದಿನವನ್ನು ಶಿಡ್ಲಘಟ್ಟ ಮರೆಯಬಾರದು ಎಂದರು ಮುರಳಿಮೋಹನ್. ಹಿಂದೆ ನಿಂತಿದ್ದ ಶ್ಯಾಮಲಮ್ಮ ಅಪೇಕ್ಷಾಳ ಕಿವಿಯಲ್ಲಿ, “ಇದೇ ಗುಡ್ಡ ಹೋದ್ಸಲ ಬಂದಾಗ್ಲೂ ಇತ್ತಲ್ಲೇ” ಎಂದರು. ಅಪೇಕ್ಷಾ ಸುಮ್ಮನಿರಿ ಎಂಬಂತೆ ಅವರ ಕೈ ಒತ್ತಿದಳು.

ಎರಡು ದಿನ ಕಳೆದ ಮೇಲೆ ದಕ್ಷಿಣಾಮೂರ್ತಿ ಊಟ ಮುಗಿಸಿ ಪರದೆಯ ಎದುರು ಕೂತು ನಿಟ್ಟುಸಿರು ಬಿಟ್ಟರು.

“ಈ ಹೊಸದು ಬಲೇ ಕಷ್ಟ ಕಣಮ್ಮ. ಹಳೇದರಲ್ಲಿ ಕೈ ಪಳಗಿತ್ತು.”

“ಹಳೇದು ಅಂದ್ರೆ ಯಾವ್ದು ಸರ್?”

“ಇತ್ತಲ್ಲ, ಎರಡು ವರ್ಷದಿಂದ. ಅದು.”

ಅಪೇಕ್ಷಾ ಅವರ ಮುಖ ನೋಡಿದಳು. ಅಲ್ಲಿ ಕಪಟವೇನೂ ಇರಲಿಲ್ಲ. ಪರದೆಯ ಮೇಲೆ ಕೆಂಪು ಬೆನ್ನಿನ ಎಲೆಗಳು ಹರಡಿಕೊಂಡಿದ್ದವು. ನವೀಕರಣದ ಕಡತ ಎಲ್ಲಿಗೆ ಬಂತು ಎಂದು ಕೇಳಿದಳು. ಮಂಡಿಸಿದ್ದೇನೆ, ಬರುತ್ತದೆ ಎಂದರು.

ಬಂತು. ಮುಕ್ತ ತಂತ್ರಾಂಶಕ್ಕೆ ಬದಲಾದ ಕಚೇರಿಗಳಲ್ಲಿ ಇನ್ನು ಮುಂದೆ ಆಪರೇಟರ್ ಆಗಿರುವವರಿಗೆ ಆ ತಂತ್ರಾಂಶದಲ್ಲಿ ಕನಿಷ್ಠ ಎರಡು ವರ್ಷದ ಅನುಭವ ಇರಬೇಕು ಎಂಬ ಹೊಸ ಷರತ್ತಿನೊಂದಿಗೆ ಬಂತು. ಅಪೇಕ್ಷಾ ಓದಿ ನಕ್ಕಳು. ನನಗೆ ಸರಿಯಾಗಿ ಎರಡು ವರ್ಷ ಆಗಿದೆ ಸರ್, ಒಂದು ಅನುಭವ ಪತ್ರ ಬರೆದುಕೊಡಿ ಎಂದಳು.

ದಕ್ಷಿಣಾಮೂರ್ತಿ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

“ಹೆಂಗ್ ಬರ್ಕೊಡ್ಲಮ್ಮ? ಇದುವರೆಗೆ ಇಲ್ಲಿ ಹಾಕಿರ್ಲಿಲ್ಲ ಅಂತ ನೀನೇ ಬರ್ಕೊಟ್ಟಿದೀಯ.”

“ನೀವು ಹೇಳಿದ್ದಕ್ಕೆ ಬರ್ಕೊಟ್ಟೆ.”

“ನಾನು ಹೇಳಿದ್ದು ಕಡತದಲ್ಲಿಲ್ವಲ್ಲ.”

ಅವರ ದನಿಯಲ್ಲಿ ದುಃಖವಿತ್ತು, ಅದು ನಿಜವಾದದ್ದೇ ಆಗಿತ್ತು. ಬೇಕಾದರೆ ಮುರಳಿಮೋಹನ್ ಸಾಹೇಬರನ್ನು ಹೋಗಿ ನೋಡು ಎಂದರು. ಅವಳು ಹೋದಳು. ಮುರಳಿಮೋಹನ್ ಕೂರಿಸಿ, ಪೂರ್ತಿ ಕೇಳಿಸಿಕೊಂಡು, ನಿನ್ನಂಥ ಹುಡುಗಿಯರು ಇಲಾಖೆಗೆ ಬೇಕು ಎಂದರು. ಆದರೆ ಇಲ್ಲದ ತಂತ್ರಾಂಶದಲ್ಲಿ ಅನುಭವ ಹೇಗೆ ಬರುತ್ತದೆ, ನೀನೇ ಹೇಳು ಎಂದರು.

ಏಪ್ರಿಲ್ ಮೊದಲ ದಿನ ಅಪೇಕ್ಷಾ ಮನೆಯಲ್ಲಿದ್ದಳು. ಕಚೇರಿಯಲ್ಲಿ ಅವಳ ಸ್ಟೂಲಿನ ಮೇಲೆ ಮೋಹನ್‌ಬಾಬು ಕೂತಿದ್ದ. ವೆಂಕಟರವಣಪ್ಪನವರ ಅಕ್ಕನ ಮಗ. ಮುಕ್ತ ತಂತ್ರಾಂಶದಲ್ಲಿ ಮೂರು ವರ್ಷದ ಅನುಭವವಿದೆ ಎಂದು ವೆಂಕಟರವಣಪ್ಪನವರ ಭಾವಮೈದುನನ ಸಂಸ್ಥೆ ಪತ್ರ ಕೊಟ್ಟಿತ್ತು. ಪಂಕಜ ಕೈವಾರದ ಮಾತೆತ್ತಲಿಲ್ಲ. ಟ್ಯೂಷನ್ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ ಒಳಗಿನ ಕೋಣೆಯ ಕಡೆ ಒಂದು ಕಣ್ಣಿಟ್ಟಿದ್ದರು. ಅಪೇಕ್ಷಾ ಅಳಲಿಲ್ಲ. ದಿನವಿಡೀ ಮಲಗಿ ಫ್ಯಾನ್ ನೋಡಿದಳು.

ಪ್ಯೂಪಾ ವ್ಯಾಪಾರಿಗಳ ಪರವಾನಗಿ ನವೀಕರಿಸುವ ವಾರ ಬಂದಾಗ ದಕ್ಷಿಣಾಮೂರ್ತಿಯವರ ಫೋನ್ ಬಂತು. ಪ್ರಿಂಟರ್‌ನಿಂದ ಒಂದು ಹಾಳೆಯೂ ಹೊರಬರುತ್ತಿಲ್ಲ, ಮೋಹನ್‌ಬಾಬು ಬೆಳಗ್ಗಿನಿಂದ ತಂತಿ ಎಳೆಯುವುದು ಚುಚ್ಚುವುದು ಮಾಡುತ್ತಿದ್ದಾನೆ, ಕೆಳಗೆ ಮೆಟ್ಟಿಲವರೆಗೆ ವ್ಯಾಪಾರಿಗಳು ನಿಂತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದರು.

“ಒಂದೈದು ನಿಮಿಷ ಬಂದ್ ಹೋಗಮ್ಮ. ಇಲ್ಲ ಫೋನಲ್ಲೇ ಹೇಳ್ಬಿಟ್ರೂ ಆಯ್ತು.”

ಅಪೇಕ್ಷಾ ಎದ್ದು ಕೂತಳು. ಹೇಳಲು ಬಾಯಿ ತೆರೆದವಳು ತಡೆದುಕೊಂಡಳು.

“ಸುಮ್ನೆ ಹೇಳಿದ್ರೆ ಪುಕ್ಕಟೆ ಆಗುತ್ತೆ ಸರ್. ಪುಕ್ಕಟೆ ತಗೊಳ್ಳೋಕೆ ನಿಮಗೆ ಬರಲ್ಲ. ಮೂರು ದರಪಟ್ಟಿ ತರಿಸ್ಕೊಳ್ಳಿ.”

ಸಿಟ್ಟಾಗಬಹುದು ಎಂದುಕೊಂಡಳು. ಮೂವತ್ತು ವರ್ಷ ಕಡತಗಳ ನಡುವೆ ಬಾಳಿದ ದಕ್ಷಿಣಾಮೂರ್ತಿಗೆ ಸಿಟ್ಟು ಬರಲಿಲ್ಲ. ಬದಲಿಗೆ, ಕತ್ತಲಲ್ಲಿ ತಡಕುವವರಿಗೆ ಗೋಡೆ ಸಿಕ್ಕಂತೆ, ಅವರ ದನಿ ಹಗುರಾಯಿತು.

“ಅದೂ ಸರೀನೇ” ಎಂದರು. “ಬೆಂಬಲದ್ದು ಎರಡೂ ನೀನೇ ತರ್ತೀಯಾ?”

ಅವಳು ಅಡ್ಡಿ ಹಾಕಿದ ಕಡೆ ಅವರಿಗೆ ಬಾಗಿಲು ಕಂಡಿತ್ತು. ತಮಾಷೆ ಮಾಡಿದೆ ಸರ್ ಎಂದು ಫೋನ್ ಇಡಲು ಇನ್ನೂ ಅವಕಾಶವಿತ್ತು. ಪಕ್ಕದ ಕೋಣೆಯಲ್ಲಿ ಮಕ್ಕಳು ಹದಿಮೂರರ ಮಗ್ಗಿ ಕೂಗುತ್ತಿದ್ದರು.

“ತರ್ತೀನಿ” ಎಂದಳು.

ಪೇಟೆಯಲ್ಲಿ ಒಂದು ಮಧ್ಯಾಹ್ನಕ್ಕೆ ಲೆಟರ್‌ಹೆಡ್, ಸೀಲು ಎಲ್ಲ ಆಗುತ್ತದೆ. ಅಪೇಕ್ಷಾ ಕಂಪ್ಯೂಟರ್ ಸರ್ವಿಸಸ್‌ನ ದರ ಎಲ್ಲಕ್ಕಿಂತ ಕಡಿಮೆ ಇತ್ತು. ಪ್ರಿಂಟರ್ ದುರಸ್ತಿಗೆ ಪಂಕಜ ಟ್ಯೂಷನ್ ಸೆಂಟರ್ ಸ್ವಲ್ಪ ಹೆಚ್ಚು ಕೇಳಿತ್ತು. ಶ್ಯಾಮಲಮ್ಮನವರ ರೇಷ್ಮೆಗೂಡಿನ ಹಾರ ತಯಾರಕರ ಸಂಘ ಅದಕ್ಕಿಂತಲೂ ಹೆಚ್ಚು. ಶ್ಯಾಮಲಮ್ಮ ಸೀಲು ಒತ್ತುವಾಗ, ಅಕಸ್ಮಾತ್ ನಮಗೇ ಕೆಲಸ ಬಂದುಬಿಟ್ಟರೆ ಏನು ಗತಿ ಎಂದು ಹೆದರಿದ್ದರು. ಹಾಗಾಗುವುದಿಲ್ಲ, ಹೆಚ್ಚು ಕೇಳಿದವರಿಗೆ ಕೊಡುವುದು ಕ್ರಮಕ್ಕೆ ವಿರುದ್ಧ ಎಂದು ಅಪೇಕ್ಷಾ ಧೈರ್ಯ ಹೇಳಿದಳು. ಹೇಳುವಾಗ ಅವಳ ದನಿ ಮುರಳಿಮೋಹನ್‌ರ ದನಿಯಷ್ಟೇ ಶಾಂತವಾಗಿತ್ತು.

ಕಂಕುಳಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಅವಳು ಮೆಟ್ಟಿಲು ಹತ್ತಿದಳು. ಮೆಟ್ಟಿಲ ಮೇಲಿದ್ದ ವ್ಯಾಪಾರಿಗಳು ಸರಿದು ದಾರಿ ಬಿಟ್ಟರು. ತುಲನಾತ್ಮಕ ಪಟ್ಟಿ ಸಿದ್ಧವಾಗಿ ಸಹಿ ಬೀಳುವವರೆಗೆ ಕಾದು, ಆಮೇಲೆ ಕಂಪ್ಯೂಟರಿನ ಮುಂದೆ ಬಾಗಿದಳು. ಮೋಹನ್‌ಬಾಬು ಎಲ್ಲೋ ಒತ್ತಿ, ಹಾಳೆಗೆ ಹೋಗಬೇಕಾದದ್ದೆಲ್ಲ ಫೈಲಾಗಿ ಉಳಿಯುವಂತೆ ಮಾಡಿಕೊಂಡಿದ್ದ. ವ್ಯಾಪಾರಿಗಳ ಪರವಾನಗಿಗಳೆಲ್ಲ ಒಳಗೆ ಒಂದರ ಹಿಂದೆ ಒಂದು ಸಾಲಾಗಿ ಕೂತಿದ್ದವು. ಅವಳು ಒಂದು ಗುರುತು ಬದಲಿಸಿದಳು. ಪ್ರಿಂಟರ್ ಗೊರಗೊರ ಎಂದಿತು.

ದಕ್ಷಿಣಾಮೂರ್ತಿ ತಮ್ಮ ಎದುರಿನ ಕುರ್ಚಿ ಎಳೆದರು. ಅಟೆಂಡರ್ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟ; ಮೊದಲು ಅವಳಿಗೆ, ಆಮೇಲೆ ಅಧೀಕ್ಷಕರಿಗೆ.

“ಕೂತ್ಕೊಳ್ಳಿ ಮೇಡಂ. ಕಾಫಿ ತಗೊಳ್ಳಿ.” ಅವರು ದಪ್ಪ ಪುಸ್ತಕವೊಂದನ್ನು ತೆರೆದು, ನೋಂದಾಯಿತ ಸರಬರಾಜುದಾರರ ಪಟ್ಟಿಯಲ್ಲಿ ವೆಂಕಟರವಣಪ್ಪನವರ ಹೆಂಡತಿಯ ಕೆಳಗೆ ಅವಳ ಹೆಸರನ್ನು ದುಂಡಗೆ ಬರೆದರು. “ಬಂತು ನೋಡಿ ನಿಮ್ ಹೆಸ್ರು, ಮಂಡಳಿ ಪುಸ್ತಕದಲ್ಲಿ.”

ಅವಳು ಬಗ್ಗಿ ನೋಡಿದಳು. ಅಕ್ಷರ ಚೆನ್ನಾಗಿತ್ತು. ಕಾಫಿಯಲ್ಲಿ ಸಕ್ಕರೆ ಹೆಚ್ಚಾಗಿತ್ತು, ಕೆಳಗಿನ ಘಟಕದ ವಾಸನೆ ಲೋಟದೊಳಕ್ಕೂ ಇಳಿದಿತ್ತು. ಮೂರು ವರ್ಷದಲ್ಲಿ ಅವಳು ಇಲ್ಲಿ ಕುಡಿದ ಮೊದಲ ಕಾಫಿ. ಪೂರ್ತಿ ಕುಡಿದಳು. ಮೂಲೆಯ ಸ್ಟೂಲಿನ ಮೇಲಿದ್ದ ಮೋಹನ್‌ಬಾಬುಗೆ ಕಾಫಿ ಬಂದಿರಲಿಲ್ಲ. ಅವನು ಬೇರೆಡೆ ನೋಡುತ್ತಿದ್ದ.

ಅವಳು ಏಳುವಾಗ ದಕ್ಷಿಣಾಮೂರ್ತಿ ದನಿ ತಗ್ಗಿಸಿದರು.

“ಆ ಇಸ್ಪೀಟಿಂದು, ಎಲೆ ಬೆನ್ನು. ಮೊದ್ಲಿನ ನೀಲಿ ಮಾಡ್ಕೊಡಿ ಮೇಡಂ, ಹೆಂಗೂ ಬಂದಿದೀರ.”

“ಅದು ಬೇರೆ ಐಟಂ ಸರ್” ಎಂದಳು ಅಪೇಕ್ಷಾ, ಕವರನ್ನು ಕಂಕುಳಿಗೆ ಸೇರಿಸುತ್ತ.

ದಕ್ಷಿಣಾಮೂರ್ತಿ ತಲೆದೂಗಿ, ಹೊಸ ಹಾಳೆಯೊಂದನ್ನು ತೆಗೆದುಕೊಂಡು ಟಿಪ್ಪಣಿ ಬರೆಯತೊಡಗಿದರು.